ಏಜೆನ್ಸಿ ಕಾನೂನು ಮತ್ತು ನೌಕರನ ಸ್ಥಾನ: ಜತ್ತ ತಾಲೂಕಿನ ಮುಕಾದಮ ಪದ್ಧತಿ

ಒಬ್ಬನ ಪರವಾಗಿ ಇನ್ನೊಬ್ಬ ಮೂರನೆಯವರೊಡನೆ ವ್ಯವಹರಿಸಿ, ಆ ವ್ಯವಹಾರಕ್ಕೆ ಮೊದಲನೆಯವನನ್ನೇ ಹೊಣೆಗಾರನನ್ನಾಗಿ ಮಾಡುವ ಸಂಬಂಧಕ್ಕೆ ಕಾನೂನಿನಲ್ಲಿ ಏಜೆನ್ಸಿ ಎಂದು ಹೆಸರು. ಭಾರತದಲ್ಲಿ ಇದಕ್ಕೆ ಆಧಾರ 1872ರ ಕರಾರು ಕಾಯ್ದೆಯ 182ರಿಂದ 238ರವರೆಗಿನ ಕಲಮುಗಳು. ದುಡಿಯುವವನು ನೌಕರನೋ, ಏಜೆಂಟನೋ, ಸ್ವತಂತ್ರ ಗುತ್ತಿಗೆದಾರನೋ ಎಂಬ ಪ್ರಶ್ನೆ ಇದರ ಬೆನ್ನಿಗೇ ಬರುತ್ತದೆ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಈ ಪ್ರಶ್ನೆಗೆ ಒಂದು ಮುಖವಿದೆ: ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮ.

ಡಫಳೆ ಮನೆತನದ ಸಂಸ್ಥಾನವಾಗಿದ್ದ ಜತ್ತ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಉಮದಿ, ಸಂಖ ಕಡೆಯ ಊರುಗಳಲ್ಲಿ ಮನೆಮಾತು ಕನ್ನಡ. ಕಚೇರಿ ಕಾಗದ, ಕರಾರುಪತ್ರ ಮರಾಠಿಯಲ್ಲಿ. ಮಳೆ ಕಡಿಮೆಯ ಸೀಮೆ. ದಸರೆ ದಾಟಿತೆಂದರೆ ಅನೇಕ ಕುಟುಂಬಗಳು ಕೊಲ್ಲಾಪುರ, ವಾಳವಾ ಕಡೆಗೋ ಬೆಳಗಾವಿ ಜಿಲ್ಲೆಯ ಕಾರ್ಖಾನೆಗಳಿಗೋ ಕಬ್ಬು ಕಡಿಯಲು ಹೊರಡುತ್ತವೆ.

ಏಜೆನ್ಸಿಯ ಮೂಲ ನಿಯಮಗಳು ಸರಳ. ಏಜೆಂಟನನ್ನು ನೇಮಿಸಲು ಬರಹ ಬೇಕೇ ಬೇಕೆಂದಿಲ್ಲ. ಬಾಯಿಮಾತು ಸಾಕು, ನಡೆದುಕೊಂಡ ರೀತಿಯೂ ಸಾಕು (ಕಲಮು 186, 187). ಪ್ರತಿಫಲವೂ ಕಡ್ಡಾಯವಲ್ಲ (185). ಯಜಮಾನನೇ ತನ್ನ ನಡತೆಯಿಂದ, ಮಾತಿನಿಂದ ಇವನಿಗೆ ಅಧಿಕಾರವಿದೆ ಎಂದು ಹೊರಗಿನವರನ್ನು ನಂಬಿಸಿದ್ದರೆ, ಆಮೇಲೆ ತಾನು ಹೇಳಿರಲಿಲ್ಲ ಎಂದು ಕೈತೊಳೆದುಕೊಳ್ಳಲು ಬರುವುದಿಲ್ಲ (237). ಏಜೆಂಟನ ಮೇಲೂ ಕಟ್ಟಿದೆ: ಲೆಕ್ಕ ಒಪ್ಪಿಸಬೇಕು, ಯಜಮಾನನಿಗೆ ತಿಳಿಸದೆ ತನ್ನ ಲಾಭಕ್ಕೆ ವ್ಯವಹಾರ ಮಾಡಬಾರದು. ಜತ್ತದ ರೈತ ಒಣದ್ರಾಕ್ಷಿಯನ್ನು ಸಾಂಗಲಿಯ ಅಡತಿ ಅಂಗಡಿಗೆ ಹಾಕುತ್ತಾನೆ. ಅಲ್ಲಿ ದಲಾಲ ರೈತನ ಏಜೆಂಟ. ರೈತನಿಗೆ ಗೊತ್ತಾಗದಂತೆ ಆ ಮಾಲನ್ನು ತಾನೇ ಕೊಂಡು ಮಾರಿ ಲಾಭ ಹೊಡೆದರೆ, ಆ ಲಾಭವನ್ನು ರೈತ ಕೇಳಿ ಪಡೆಯಬಹುದು (216). ಇಲ್ಲಿ ಯಾರು ಯಾರ ಪರ ಎಂಬುದರಲ್ಲಿ ಗೊಂದಲವಿಲ್ಲ.

ಮುಕಾದಮನ ವಿಷಯದಲ್ಲಿ ಇರುವುದೆಲ್ಲ ಗೊಂದಲವೇ. ಕಾರ್ಖಾನೆ ಟ್ರ್ಯಾಕ್ಟರ್ ಮಾಲೀಕನೊಡನೆ ಕಡಿತ ಮತ್ತು ಸಾಗಣೆಯ ಕರಾರು ಮಾಡಿ ಮುಂಗಡ ಕೊಡುತ್ತದೆ. ಅವನು ಸ್ಟ್ಯಾಂಪ್ ಕಾಗದ ಬರೆಸಿಕೊಂಡು ಮುಕಾದಮನಿಗೆ ಕೊಡುತ್ತಾನೆ. ಮುಕಾದಮ ಊರಿನಲ್ಲಿ ಜೋಡಿಗಳಿಗೆ ಹಂಚುತ್ತಾನೆ. ಗಂಡಹೆಂಡಿರು ಸೇರಿ ಒಂದು ‘ಕೋಯ್ತಾ’, ಒಬ್ಬರೇ ಬಂದರೆ ಅರ್ಧ. ಈ ಮುಂಗಡಕ್ಕೆ ‘ಉಚಲ್’ ಎನ್ನುತ್ತಾರೆ. ಸೀಜನ್ ಮುಗಿಯುವ ತನಕ ಕೂಲಿ ಇದಕ್ಕೇ ಜಮೆ. ಕಡಿತದ ಬಿಲ್ಲಿನ ಮೇಲೆ ಮುಕಾದಮನಿಗೆ ಕಮಿಷನ್. ಕೂಲಿಕಾರನಿಗೆ ಅವನೇ ಧಣಿ, ಟ್ರ್ಯಾಕ್ಟರಿನವನಿಗೆ ಸಾಲಗಾರ. ಕಾರ್ಖಾನೆಯ ಪುಸ್ತಕದಲ್ಲಿ ಎಷ್ಟೋ ಸಲ ಅವನ ಹೆಸರೇ ಇರುವುದಿಲ್ಲ. ಮುಕಾದಮ ಹಣದೊಂದಿಗೆ ಪರಾರಿಯಾದ ಎಂಬ ದೂರು ಪಶ್ಚಿಮ ಮಹಾರಾಷ್ಟ್ರದ ಠಾಣೆಗಳಿಗೆ ಹೊಸದಲ್ಲ. ಅವನು ಕಾರ್ಖಾನೆಯ ಏಜೆಂಟನಾಗಿದ್ದರೆ ನಷ್ಟ ಕಾರ್ಖಾನೆಯದು. ಕಾಗದ ಅದನ್ನು ಖಾಸಗಿ ಸಾಲ ಮಾಡಿಟ್ಟಿರುವುದರಿಂದ ಟ್ರ್ಯಾಕ್ಟರ್ ಮಾಲೀಕ ಕೂತು ಅಳಬೇಕು.

ಕಾರ್ಖಾನೆಯ ವಾದಕ್ಕೂ ಹುರುಳಿದೆ. ಕಬ್ಬು ರೈತನದು, ಕಡಿಯುವುದು ಅವನ ಹೊಲದಲ್ಲಿ. ಕಡಿತ ಮತ್ತು ಸಾಗಣೆಯ ಖರ್ಚು ಕಳೆಯುವುದೂ ಅವನ ಬಿಲ್ಲಿನಲ್ಲೇ. ಹಾಗಾಗಿ ತಾನು ರೈತನ ಪರವಾಗಿ ಗ್ಯಾಂಗ್ ಹೊಂದಿಸಿಕೊಡುವವ ಮಾತ್ರ ಎನ್ನುತ್ತದೆ ಅದು. ಆದರೆ ಯಾವ ಹೊಲ ಯಾವ ದಿನ ಕಡಿಯಬೇಕು ಎಂಬ ಚೀಟಿ ಕೊಡುವವರು ಕಾರ್ಖಾನೆಯ ಸಿಬ್ಬಂದಿ, ತೂಕ ಕಾರ್ಖಾನೆಯ ಕಾಟಾದಲ್ಲಿ. ದರದ ಮಾತುಕತೆಗೆ ಕೂಲಿಕಾರರ ಸಂಘಟನೆಗಳ ಎದುರು ಕೂರುವುದೂ ಮಹಾರಾಷ್ಟ್ರದ ಸಹಕಾರಿ ಸಕ್ಕರೆ ಕಾರ್ಖಾನೆಗಳ ಮಹಾಸಂಘವೇ. 2024ರ ಜನವರಿಯಲ್ಲಿ ಕಡಿತದ ದರ ಶೇ. 34ರಷ್ಟು ಏರಿದ್ದೂ ಮುಕಾದಮರ ಕಮಿಷನ್ ಹೆಚ್ಚಿದ್ದೂ ಅಂಥ ಮಾತುಕತೆಯಿಂದಲೇ. ಮಾಲೀಕನಲ್ಲದವನು ಕೂಲಿ ಗೊತ್ತುಮಾಡಲು ಕೂರುವುದೇಕೆ ಎಂಬ ಪ್ರಶ್ನೆಗೆ ತೃಪ್ತಿಕರ ಉತ್ತರ ಸಿಕ್ಕಿಲ್ಲ.

ನ್ಯಾಯಾಲಯಗಳು ಕಾಗದದ ಹೆಸರಿಗಿಂತ ನಡೆವಳಿಕೆಯನ್ನು ನೋಡುತ್ತವೆ. ಹೈದರಾಬಾದಿನ ರಾಮಗೋಪಾಲ ಮಿಲ್ಲಿನ ಏಜೆಂಟರ ಪ್ರಕರಣದಲ್ಲಿ (1954) ಸುಪ್ರೀಂ ಕೋರ್ಟ್ ವ್ಯತ್ಯಾಸ ಬಿಡಿಸಿಟ್ಟಿತು: ಏನು ಮಾಡಬೇಕು, ಹೇಗೆ ಮಾಡಬೇಕು ಎರಡನ್ನೂ ಹೇಳಿಸಿಕೊಳ್ಳುವವನು ನೌಕರ, ಯಜಮಾನನ ಸೂಚನೆಗೆ ಬದ್ಧನಾದರೂ ನೇರ ಮೇಲ್ವಿಚಾರಣೆಗೆ ಒಳಗಾಗದವನು ಏಜೆಂಟ. ಜತ್ತದ ಸಂಗತಿಗೆ ಹೆಚ್ಚು ಹತ್ತಿರದ್ದು ದಿವಾನ್ ಮೊಹಿದೀನ್ ಸಾಹೇಬ್ ಪ್ರಕರಣ (1964). ಬೀಡಿ ಕಂಪನಿಗಳು ಎಲೆ, ತಂಬಾಕು ಕೊಟ್ಟು ‘ಗುತ್ತಿಗೆದಾರ’ರ ಮೂಲಕ ಬೀಡಿ ಕಟ್ಟಿಸುತ್ತಿದ್ದವು. ಆ ಗುತ್ತಿಗೆದಾರರು ಕಂಪನಿಯ ಏಜೆಂಟರು ಮಾತ್ರ, ಬೀಡಿ ಕಟ್ಟುವವರು ಕಂಪನಿಯದೇ ಕಾರ್ಮಿಕರು ಎಂದಿತು ಕೋರ್ಟು. ಮಂಗಳೂರು ಗಣೇಶ ಬೀಡಿ ಪ್ರಕರಣದಲ್ಲಿ (1974) 1966ರ ಬೀಡಿ ಕಾರ್ಮಿಕರ ಕಾಯ್ದೆಯನ್ನು ಎತ್ತಿಹಿಡಿದು, ಮನೆಯಲ್ಲಿ ಕೂತು ಕಟ್ಟುವವರಿಗೂ ಅದರ ರಕ್ಷಣೆ ಉಳಿಸಿತು. 2014ರ ಬಲವಂತ ರಾಯ್ ಸಲೂಜಾ ತೀರ್ಪು ಮಾತ್ರ ಕಟ್ಟುನಿಟ್ಟು: ನೇಮಿಸುವವರು, ಸಂಬಳ ಕೊಡುವವರು, ತೆಗೆದುಹಾಕುವವರು ಯಾರು ಎಂಬುದನ್ನೆಲ್ಲ ನೋಡಬೇಕೆಂದಿತು. ಈ ಅಳತೆಗೋಲಿಗೆ ನಿಂತರೆ ಕಬ್ಬು ಕಡಿಯುವವನ ದಾವೆ ಸುಲಭವಲ್ಲ.

ನೌಕರನೆಂದು ಸಾಬೀತಾಗದಿದ್ದರೂ ಪೂರ್ತಿ ಬರಿಗೈಯಲ್ಲ. ತನ್ನ ವ್ಯಾಪಾರದ ಕೆಲಸವನ್ನು ಗುತ್ತಿಗೆದಾರನಿಂದ ಮಾಡಿಸಿದ ಮಾಲೀಕ, ಅಪಘಾತವಾದರೆ ತಾನೇ ಪರಿಹಾರ ಕೊಟ್ಟು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು ಎಂಬುದು 1923ರ ಪರಿಹಾರ ಕಾಯ್ದೆಯ 12ನೇ ಕಲಮಿನಲ್ಲಿದ್ದ, ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿರುವ ತತ್ವ. ಅಪಘಾತ ನಡೆದ ಜಾಗ ಮಾಲೀಕನ ಹತೋಟಿಯಲ್ಲಿತ್ತೇ ಎಂಬುದರ ಮೇಲೆ ಜಗಳ ಹುಟ್ಟುತ್ತದೆ. ಉಚಲ್ ತೀರಿಲ್ಲವೆಂದು ಆಳನ್ನು ಬಲವಂತದಿಂದ ಹಿಡಿದಿಟ್ಟರೆ ಅದು 1976ರ ಜೀತ ನಿರ್ಮೂಲನ ಕಾಯ್ದೆಯಡಿ ಅಪರಾಧ.

ಗಡಿಯೂ ಇಲ್ಲಿ ಕೈಯಾಡಿಸುತ್ತದೆ. ಉಮದಿಯ ಜೋಡಿ ವಾಳವಾಕ್ಕೆ ಹೋದರೆ ರಾಜ್ಯದೊಳಗಿನ ವಲಸೆ. ಅದಕ್ಕಿಂತ ಹತ್ತಿರದ ಅಥಣಿಗೆ ಹೋದರೆ ಅಂತರರಾಜ್ಯ ವಲಸೆ. ಎರಡನೆಯದಕ್ಕೆ 1979ರ ಪ್ರತ್ಯೇಕ ಕಾಯ್ದೆಯ ರಕ್ಷಣೆಯಿತ್ತು. ಅದೂ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯೂ 2020ರ ವೃತ್ತಿ ಸುರಕ್ಷತಾ ಸಂಹಿತೆಯೊಳಗೆ ಸೇರಿವೆ. ನಾಲ್ಕೂ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಗುತ್ತಿಗೆ ಕಾರ್ಮಿಕರ ಕುರಿತ ನಿಯಮಗಳು ಈಗ 50 ಅಥವಾ ಹೆಚ್ಚು ಜನರಿದ್ದಲ್ಲಿ ಅನ್ವಯಿಸುತ್ತವೆ. ಸಣ್ಣ ಗ್ಯಾಂಗುಗಳು ಇದರ ಹೊರಗೇ ಉಳಿಯುವ ಸಂಭವ ಹೆಚ್ಚು.

ಇಂಥ ವ್ಯಾಜ್ಯಗಳಲ್ಲಿ ಬಾಯಿಸಾಕ್ಷಿಗಿಂತ ಭಾರವಾದದ್ದು ಕಾರ್ಖಾನೆಯ ಹೆಸರಿರುವ ಕಡಿತದ ಚೀಟಿ ಮತ್ತು ಕಾಟಾ ಪಾವತಿ. ಕಬ್ಬಿಗೆ ಹೋಗುವವರು ಮುಕಾದಮನ ಕೈಗೆ ಅವನ್ನು ಒಪ್ಪಿಸುವ ಮೊದಲು ಮೊಬೈಲಿನಲ್ಲಿ ಒಂದೊಂದು ಫೋಟೋ ತೆಗೆದಿಟ್ಟುಕೊಳ್ಳಬೇಕು.