ಲಾರಿಯ ಹಣೆಬರಹ ಬರೆದವರು

ಜಪಾನಿನಲ್ಲಿ ‘ಡೆಕೊತೊರಾ’ ಎಂಬ ಮಾತಿದೆ. ಅಲಂಕರಿಸಿದ ಟ್ರಕ್ಕು ಎಂಬರ್ಥದ ಇಂಗ್ಲಿಷ್ ಪದಗಳನ್ನು ತಮ್ಮ ನಾಲಿಗೆಗೆ ಒಗ್ಗುವಂತೆ ಮೊಟಕುಗೊಳಿಸಿ ಅಲ್ಲಿನವರು ಕಟ್ಟಿಕೊಂಡ ಹೆಸರದು. ಹೊಳೆಯುವ ಸ್ಟೀಲಿನ ತಗಡು, ಸಾಲು ಸಾಲು ಬಣ್ಣದ ದೀಪ, ಪಕ್ಕದ ಮೈತುಂಬ ಚಿತ್ರ. ರಾತ್ರಿ ಹೊತ್ತು ಅಂಥದೊಂದು ಎದುರು ಬಂದರೆ ಉರುಸಿನ ಮೆರವಣಿಗೆಯೇ ಬಂದಂತೆ. 1975ರಿಂದ 1979ರವರೆಗೆ ತೋಯೆಯ್ ಸಂಸ್ಥೆ ಇಂಥ ಚಾಲಕರ ಬಗ್ಗೆಯೇ ‘ತೊರಾಕ್ಕು ಯಾರೋ’ ಎಂಬ ಹೆಸರಿನಲ್ಲಿ ಹತ್ತು ಚಿತ್ರ ತೆಗೆಯಿತು. ಆಮೇಲೆ ಅದು ಇಡೀ ದೇಶದ ಗೀಳಾಯಿತು.

ನಮ್ಮಲ್ಲಿ ಇದಕ್ಕೆ ಸಿನಿಮಾ ಬೇಕಾಗಲಿಲ್ಲ. ಲಾರಿ ಕಾರ್ಖಾನೆಯಿಂದ ಅರೆಬರೆಯಾಗಿ ಹೊರಬರುತ್ತಿದ್ದುದೇ ಕಾರಣವಾಯಿತು. 1954ರಲ್ಲಿ ಟಾಟಾ ಕಂಪನಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಕೆಗಿಳಿಯಿತು. ಅಂದಿನಿಂದ ಬಹುಕಾಲ ಮಾಲೀಕನ ಕೈಗೆ ಸಿಗುತ್ತಿದ್ದುದು ಎಂಜಿನ್, ಚಾಸಿ, ಚಕ್ರ, ಮೂತಿಯ ತಗಡು, ಅಷ್ಟೆ. ಉಳಿದದ್ದು ಬಡಗಿ, ವೆಲ್ಡರ್, ಟಿಂಕರ್, ಪೇಂಟರ್ ಇವರ ಪಾಲು. ಮರದ ಕ್ಯಾಬಿನ್ ಕಟ್ಟುವವನು ಅದರ ಹಣೆಗೆ ಒಂದು ಕಮಾನು ಕೂರಿಸುತ್ತಿದ್ದ. ಪೇಂಟರ್ ಅದರ ಮೇಲೆ ಮಾಲೀಕನ ಮಗಳ ಹೆಸರನ್ನೋ ಮನೆದೇವರನ್ನೋ ಬರೆಯುತ್ತಿದ್ದ.

ಕಾನೂನು ಬಣ್ಣಕ್ಕೂ ಕೈಹಾಕಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ರಾಷ್ಟ್ರೀಯ ಪರ್ಮಿಟ್ಟಿನ ಲಾರಿಗೆ ಒಣ ಎಲೆಯ ಕಂದು ಬಣ್ಣ, ಬಿಳಿ ಅಂಚು, ಇಕ್ಕೆಲಗಳಲ್ಲಿ ವೃತ್ತದೊಳಗೆ ‘ನ್ಯಾಷನಲ್ ಪರ್ಮಿಟ್’ ಎಂಬ ಬರಹ. ಹೀಗೆ ಪಕ್ಕದ ಮೈ ಸರಕಾರದ ಪಾಲಾದರೆ, ಪೇಂಟರ್‌ಗೆ ಉಳಿದದ್ದು ಹಣೆ, ಬಾಗಿಲು ಮತ್ತು ಹಿಂಬದಿ. ನಮ್ಮ ಲಾರಿಗಳ ಸೊಗಸೆಲ್ಲ ಅಲ್ಲೇ ಕಿಕ್ಕಿರಿದಿರುತ್ತಿದ್ದುದಕ್ಕೆ ಇದೂ ಒಂದು ಕಾರಣವಿರಬೇಕು.

ಪಾಕಿಸ್ತಾನದ ಟ್ರಕ್ಕುಗಳಿಗೆ ಹೋಲಿಸಿದರೆ ನಮ್ಮವು ಬಡವೇ. ಅಲ್ಲಿ ಬೆಡ್‌ಫರ್ಡ್ ಗಾಡಿಗಳ ಮೇಲೆ ನವಿಲು, ಬುರಾಖ್, ಹೂಬಳ್ಳಿ, ಕನ್ನಡಿ ಚೂರು, ಕೆಳಗೆ ಝಣಝಣಿಸುವ ಸರಪಳಿ. ಕರಾಚಿಯಲ್ಲಿ ಈ ಕಲೆಗೆ ಬುನಾದಿ ಹಾಕಿದವರ ಸಾಲಿನಲ್ಲಿ ಹೇಳಲಾಗುವ ಹಾಜಿ ಹುಸೇನ್ ಕಛ್‌ನ ಭುಜ್ ಊರಿನಿಂದ ಹೋದವರು. ಅರಮನೆಯ ಗೋಡೆಗೆ ಬಣ್ಣ ಹಚ್ಚಿದ ಮನೆತನ, ಅರಮನೆ ತಪ್ಪಿದಾಗ ಟ್ರಕ್ಕನ್ನು ಹಿಡಿಯಿತು. 2002ರಲ್ಲಿ ಕರಾಚಿಯ ಹೈದರ್ ಅಲಿ ವಾಷಿಂಗ್‌ಟನ್ನಿನ ಸ್ಮಿತ್‌ಸೋನಿಯನ್ ಜಾನಪದ ಮೇಳದಲ್ಲಿ ಜನರ ಕಣ್ಣೆದುರೇ ಟ್ರಕ್ಕೊಂದನ್ನು ಚಿತ್ರಿಸಿದರು. ನಮ್ಮ ಯಾವ ಲಾರಿ ಪೇಂಟರ್‌ನ ಹೆಸರು ನಮಗೆ ಗೊತ್ತಿದೆ?

ಬೆಂಗಳೂರಿನ ಕಲಾಸಿಪಾಳ್ಯ, ಜೆ.ಸಿ. ರಸ್ತೆಯ ಗ್ಯಾರೇಜುಗಳಲ್ಲಿ ಟಿಂಕರಿಂಗ್, ವೆಲ್ಡಿಂಗ್, ಪೇಂಟಿಂಗ್ ಕೆಲಸದವರಲ್ಲಿ ಮುಸ್ಲಿಮರೂ ಗಣನೀಯವಾಗಿದ್ದಾರೆ. ಕೈ ಯಾರದೇ ಇರಲಿ, ಬರಹ ಮಾಲೀಕನದು. ‘ತಂದೆ ತಾಯಿ ಆಶೀರ್ವಾದ’ ಎಂಬುದು ಎಲ್ಲರ ಲಾರಿಗೂ ಸಲ್ಲುವ ಸಾಲು. ಒಬ್ಬರ ಗಾಡಿಗೆ ಮಂಜುನಾಥಸ್ವಾಮಿ, ಇನ್ನೊಬ್ಬರದಕ್ಕೆ ಮದೀನದ ಹಸಿರು ಗುಮ್ಮಟ ಅಥವಾ ಕಲಬುರಗಿಯ ಬಂದೇನವಾಜರ ದರ್ಗಾ. 786 ಎಂಬ ಅಂಕೆ ‘ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್’ ಎಂಬುದರ ಅಕ್ಷರಗಳಿಗೆ ಅಬ್ಜದ್ ಲೆಕ್ಕದಲ್ಲಿ ಬರುವ ಮೊತ್ತ. ಇದಕ್ಕೆ ಕುರ್‌ಆನ್, ಹದೀಸಿನ ಆಧಾರವಿಲ್ಲವೆಂದು ಅನೇಕ ಉಲಮಾಗಳು ಹೇಳುತ್ತ ಬಂದಿದ್ದರೂ ಬಂಪರಿನಿಂದ ಅದು ಇಳಿದಿಲ್ಲ. ಜೀವಿಗಳ ಚಿತ್ರ ಬರೆಯಬಹುದೇ ಎಂಬ ಪ್ರಶ್ನೆಯೂ ಇದೆ. ಅದಕ್ಕೆ ಅಂಜಿ ಬರೀ ಅಕ್ಷರಕ್ಕೆ, ಹೂಬಳ್ಳಿಗೆ ನಿಲ್ಲುವವರುಂಟು. ಹೊಟ್ಟೆಪಾಡು ದೊಡ್ಡದೆಂದು ಎಲ್ಲವನ್ನೂ ಬರೆಯುವವರೂ ಉಂಟು. ಅವರನ್ನು ಹೊರಗಿನಿಂದ ತೂಗುವುದು ಸುಲಭ.

ದಕ್ಷಿಣ ಬೆಂಗಳೂರಿನ ಪುಟ್ಟೇನಹಳ್ಳಿ (ಯಲಹಂಕದ ಹಕ್ಕಿಕೆರೆಯ ಪುಟ್ಟೇನಹಳ್ಳಿಯಲ್ಲ, ಜೆ.ಪಿ. ನಗರದ್ದು) ಒಂದು ಕಾಲಕ್ಕೆ ಕೆರೆ, ತೋಟದ ಹಳ್ಳಿ. ಇಂದು ಅದರ ಸುತ್ತ ನಿಂತಿರುವ ಮಹಡಿಗಳೆಲ್ಲ ಲಾರಿಯಲ್ಲಿ ಬಂದವೇ: ಇಟ್ಟಿಗೆ, ಜಲ್ಲಿ, ಮರಳು, ಸಿಮೆಂಟು. ಕೆರೆಯನ್ನು ನಿವಾಸಿಗಳು ಕೂಡಿ ಉಳಿಸಿಕೊಂಡರು, ಆ ಕತೆ ಪತ್ರಿಕೆಗಳಲ್ಲಿ ಬಂತು. ಆ ಮಹಡಿಗಳ ಕಲ್ಲು ಹೊತ್ತ ಲಾರಿಗಳ ಹಿಂಬದಿಯ ಬರಹವನ್ನು ಯಾರೂ ದಾಖಲಿಸಲಿಲ್ಲ. ಹಾಗೆ ನೋಡಿದರೆ ಆಟೋಗಳ ಅದೃಷ್ಟ ಚೆನ್ನಾಗಿದೆ. 1980ರ ‘ಆಟೋ ರಾಜ’ ಚಿತ್ರದ ಶಂಕರ್‌ನಾಗ್ 1990ರಲ್ಲಿ ತೀರಿಕೊಂಡರೂ ಅವರ ಮುಖ ಇಂದಿಗೂ ಬೆಂಗಳೂರಿನ ಆಟೋಗಳ ಬೆನ್ನ ಮೇಲಿದೆ. ಅದರ ಬಗ್ಗೆ ಬರೆದವರೂ ಬಹಳ.

ಪೇಂಟರ್‌ನ ಕುಂಚವನ್ನು ಮೊದಲು ಕಸಿದದ್ದು ರೇಡಿಯಂ ಕಟಿಂಗ್, ಸ್ಟಿಕ್ಕರ್. ಕಂಪ್ಯೂಟರಿನಲ್ಲಿ ಒಮ್ಮೆ ಅಕ್ಷರ ಜೋಡಿಸಿದರೆ ಸಾವಿರ ಲಾರಿಗೆ ಒಂದೇ ಅಚ್ಚು. ಮುಂದೆ ಕಾರ್ಖಾನೆಯಲ್ಲೇ ಸಿದ್ಧವಾದ ಕ್ಯಾಬಿನ್ ಬಂತು. ಹೊಸದಾಗಿ ತಯಾರಾಗುವ ದೊಡ್ಡ ಲಾರಿಗಳ ಚಾಲಕರ ಕ್ಯಾಬಿನ್‌ಗೆ 2025ರಲ್ಲಿ ಏಸಿ ಕಡ್ಡಾಯವಾಯಿತು. ಇದಕ್ಕೆ ಅಳುವುದು ಸಲ್ಲದು. ಎಂಜಿನ್ನಿನ ಕಾವಿಗೆ ಬೆಂದು, ಅಪಘಾತವಾದರೆ ಮರದ ಚಕ್ಕೆಗಳ ನಡುವೆ ಸಿಕ್ಕಿಕೊಳ್ಳುತ್ತಿದ್ದ ಚಾಲಕನಿಗೆ ಆ ಚಂದದ ಕಮಾನು ನೆರಳಾಗಲಿಲ್ಲ.

ಆದರೆ ಪೇಂಟರ್‌ಗೆ ಬದಲಿ ಕೆಲಸವನ್ನು ಯಾರೂ ಯೋಚಿಸಲಿಲ್ಲ. 2015ರಲ್ಲಿ ಮಹಾರಾಷ್ಟ್ರ ಸರಕಾರ ಶಬ್ದಮಾಲಿನ್ಯದ ಕಾರಣಕ್ಕೆ ‘ಹಾರನ್ ಓಕೆ ಪ್ಲೀಸ್’ ಬರೆಯುವುದನ್ನೇ ನಿಷೇಧಿಸಿತು. ದೊಡ್ಡ ಚಿತ್ರಗಳು ನಿಂತುಹೋದ ಮೇಲೂ ಅವನ ಒಲೆ ಉರಿಸುತ್ತಿದ್ದುದು ನಂಬರ್ ಪ್ಲೇಟು. ಕಪ್ಪು ಅಂಕೆ, ಹಳದಿ ಹಿನ್ನೆಲೆ, ಅರ್ಧ ಗಂಟೆಯ ಕೆಲಸ, ಕೈಗೆ ರೊಕ್ಕ. 2023ರ ಆಗಸ್ಟ್‌ನಲ್ಲಿ ಕರ್ನಾಟಕದ ಸಾರಿಗೆ ಇಲಾಖೆ 2019ರ ಏಪ್ರಿಲ್ 1ಕ್ಕೆ ಮುಂಚೆ ನೋಂದಣಿಯಾದ ಹಳೆಯ ಗಾಡಿಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕವನ್ನು ಕಡ್ಡಾಯ ಮಾಡಿತು. ಅದು ಅಲ್ಯೂಮಿನಿಯಂನದು, ಅಂಕೆಗಳು ಯಂತ್ರದಲ್ಲಿ ಒತ್ತಿ ಬಂದವು. ಅದರ ಮೇಲೆ ಕುಂಚ ಆಡಿಸುವಂತಿಲ್ಲ.