ಮುಂದಿನ ಆಕ್ಸಲ್ ಶಾಫ್ಟ್

ಮುಂದಿನ ಆಕ್ಸಲ್ ಶಾಫ್ಟ್ ಎಂಬುದು ನಾಲ್ಕು ಗಾಲಿಗಳಿಗೂ ಚಾಲನೆ ದೊರೆಯುವ ಜೀಪು, ಪಿಕಪ್ ಮತ್ತು ಲಾರಿಗಳಲ್ಲಿ ಮುಂದಿನ ಡಿಫರೆನ್ಷಿಯಲ್‌ನಿಂದ ಗಾಲಿಗೆ ತಿರುಗುಬಲವನ್ನು ಒಯ್ಯುವ ಉಕ್ಕಿನ ದಂಡ. ಮುಂದಿನ ಗಾಲಿಗಳು ಏಕಕಾಲಕ್ಕೆ ಚಾಲನೆಯನ್ನೂ ಪಡೆಯಬೇಕು, ಎಡಬಲಕ್ಕೂ ಹೊರಳಬೇಕು. ಆದುದರಿಂದ ಈ ದಂಡವು ಹಿಂದಿನ ಆಕ್ಸಲ್ ಶಾಫ್ಟಿನಂತೆ ಒಂದೇ ತುಂಡಾಗಿರದೆ, ನಡುವೆ ಕೀಲಿನಿಂದ ಕೂಡಿದ ಒಳದಂಡ ಮತ್ತು ಹೊರದಂಡಗಳ ಜೋಡಿಯಾಗಿರುತ್ತದೆ. ಕೀಲು ಸವೆದಾಗ ಅಥವಾ ದಂಡ ಮುರಿದಾಗ ಇದನ್ನು ಬದಲಾಯಿಸಬೇಕಾಗುತ್ತದೆ. ಸೂಕ್ತ ಉಪಕರಣಗಳಿದ್ದರೆ ಈ ಕೆಲಸವನ್ನು ಮನೆಯಂಗಳದಲ್ಲಿಯೂ ಮಾಡಬಹುದು. ಆದರೆ ಬ್ರೇಕು ಮತ್ತು ಗಾಲಿಯ ಬೇರಿಂಗುಗಳನ್ನು ಬಿಚ್ಚಿ ಮರುಜೋಡಿಸಬೇಕಾಗುವುದರಿಂದ ಇದರಲ್ಲಿ ಆಗುವ ಅಲಕ್ಷ್ಯವು ಪ್ರಾಣಾಪಾಯಕ್ಕೆ ಕಾರಣವಾಗಬಲ್ಲದು.

ಹೆಸರು ಮತ್ತು ಹಿನ್ನೆಲೆ

ಕನ್ನಡದಲ್ಲಿ ಗಾಲಿಯ ದಂಡಕ್ಕೆ ಅಚ್ಚು, ಇರಸು ಎಂಬ ಹಳೆಯ ಪದಗಳಿವೆ. ಗಾಲಿಯು ಅಚ್ಚಿನಿಂದ ಕಳಚದಂತೆ ತಡೆಯುವ ಮೊಳೆಗೆ ಕಡಾಣಿ ಎಂದೂ, ಅಚ್ಚಿಗೆ ಹಾಕುವ ಎಣ್ಣೆಗೆ ಕೀಲೆಣ್ಣೆ ಎಂದೂ ಹೆಸರು. ವಾಹನ ದುರಸ್ತಿಯ ಅಂಗಡಿಗಳಲ್ಲಿ ಮಾತ್ರ ಆಕ್ಸಲ್, ಶಾಫ್ಟ್, ಹಬ್, ಗ್ರೀಸ್ ಎಂಬ ಪದಗಳೇ ರೂಢಿಯಲ್ಲಿವೆ.

ಬಂಡಿಯ ಅಚ್ಚಿಗೂ ಈ ದಂಡಕ್ಕೂ ಮೂಲಭೂತವಾದ ಒಂದು ವ್ಯತ್ಯಾಸವಿದೆ. ಎತ್ತಿನ ಬಂಡಿಯಲ್ಲಿ ಅಚ್ಚು ತಿರುಗುವುದಿಲ್ಲ. ಅದು ಭಾರವನ್ನು ಹೊರುತ್ತದೆ, ಗಾಲಿ ಅದರ ಮೇಲೆ ಉರುಳುತ್ತದೆ. ವಿಜಯನಗರ ಜಿಲ್ಲೆಯ ಕೊಟ್ಟೂರು, ಉಜ್ಜಿನಿ ಮೊದಲಾದ ಊರುಗಳ ಜಾತ್ರೆಗಳಲ್ಲಿ ಎಳೆಯುವ ತೇರುಗಳಲ್ಲಿಯೂ ಇಡೀ ತೇರಿನ ಭಾರ ಅಚ್ಚುಗಳ ಮೇಲೆಯೇ ನಿಲ್ಲುತ್ತದೆ. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಗುರು ಕೊಟ್ಟೂರೇಶ್ವರ ರಥೋತ್ಸವದ ವೇಳೆ ತೇರು ಉರುಳಿಬಿದ್ದು ಹಲವರು ಗಾಯಗೊಂಡರು. ಗಾಲಿಯ ಅಚ್ಚು ಮುರಿದುದೇ ಇದಕ್ಕೆ ಕಾರಣವೆಂದು ಆಗ ವರದಿಯಾಯಿತು. ನಾಲ್ಕು ಚಕ್ರ ಚಾಲನೆಯ ಲಾರಿಯ ಮುಂಭಾಗದಲ್ಲಿ ಭಾರವನ್ನು ಹೊರುವುದು ಹೊರಗಿನ ಕೊಳವೆಯಾಕಾರದ ಹೌಸಿಂಗ್. ಒಳಗಿನ ಶಾಫ್ಟು ತಿರುಚುಬಲವನ್ನಷ್ಟೇ ತಾಳುತ್ತದೆ. ಹಾಗಾಗಿ ಶಾಫ್ಟು ಮುರಿದರೂ ಸಾಮಾನ್ಯವಾಗಿ ವಾಹನ ಕುಸಿಯುವುದಿಲ್ಲ, ಗಾಲಿಯೂ ಕಳಚುವುದಿಲ್ಲ.

ರಚನೆ

ಒಳದಂಡದ ಒಂದು ತುದಿಯಲ್ಲಿರುವ ಹಲ್ಲುಗೀರುಗಳು ಡಿಫರೆನ್ಷಿಯಲ್‌ನ ಪಕ್ಕದ ಗಿಯರಿನೊಳಗೆ ಕೂರುತ್ತವೆ. ಹೊರದಂಡವು ಟೊಳ್ಳಾದ ಸ್ಪಿಂಡಲ್‌ನ ಮೂಲಕ ಹಾದು ಗಾಲಿಯ ಹಬ್ಬನ್ನು ತಲುಪುತ್ತದೆ. ಹೆಚ್ಚಿನ ವಾಹನಗಳಲ್ಲಿ ಡಿಫರೆನ್ಷಿಯಲ್ ಆಕ್ಸಲ್‌ನ ಮಧ್ಯದಲ್ಲಿರದೆ ಒಂದು ಪಕ್ಕಕ್ಕೆ ಸರಿದಿರುತ್ತದೆ. ಇದರಿಂದ ಎಡ ಮತ್ತು ಬಲದ ಒಳದಂಡಗಳ ಉದ್ದ ಬೇರೆಬೇರೆಯಾಗಿದ್ದು, ಒಂದನ್ನು ಇನ್ನೊಂದರ ಜಾಗದಲ್ಲಿ ಬಳಸಲು ಬರುವುದಿಲ್ಲ.

ಎರಡು ದಂಡಗಳನ್ನು ಕೂಡಿಸುವ ಕೀಲಿನಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ.

ಕ್ರಾಸ್ ಕೀಲು: ಕೂಡುಗುರುತಿನ ಆಕಾರದ ತುಂಡೊಂದರ ನಾಲ್ಕು ತುದಿಗಳಿಗೆ ಸೂಜಿ ಬೇರಿಂಗಿನ ಬಟ್ಟಲುಗಳನ್ನು ತೊಡಿಸಿದ ರಚನೆ. 16ನೆಯ ಶತಮಾನದ ಇಟಲಿಯ ವಿದ್ವಾಂಸ ಕಾರ್ಡಾನೊ ಮತ್ತು 17ನೆಯ ಶತಮಾನದ ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್ ಅವರ ಹೆಸರುಗಳು ಇದರೊಂದಿಗೆ ಸೇರಿವೆ. ಇದು ಗಟ್ಟಿಮುಟ್ಟು, ಅಗ್ಗ. ಆದರೆ ಗಾಲಿ ಹೊರಳಿದಾಗ ಹೊರದಂಡದ ವೇಗವು ಪ್ರತಿ ಸುತ್ತಿನಲ್ಲಿ 2 ಬಾರಿ ಏರಿಳಿಯುತ್ತದೆ. ಸ್ಟಿಯರಿಂಗಿನಲ್ಲಿ ಅದರುವಿಕೆ ಕಾಣುತ್ತದೆ.

ಸಮವೇಗದ ಕೀಲು: 1920ರ ದಶಕದಲ್ಲಿ ಆಲ್ಫ್ರೆಡ್ ಝೆಪ್ಪಾ ರೂಪಿಸಿದ ವಿನ್ಯಾಸದಲ್ಲಿ 6 ಉಕ್ಕಿನ ಗುಂಡುಗಳು ಪಂಜರವೊಂದರಲ್ಲಿ ಕುಳಿತು ಬಲವನ್ನು ದಾಟಿಸುತ್ತವೆ. ಗಾಲಿ ಎಷ್ಟು ಹೊರಳಿದರೂ ಎರಡೂ ದಂಡಗಳ ವೇಗ ಸಮನಾಗಿರುತ್ತದೆ.

ಹಳೆಯ ಜೀಪುಗಳಲ್ಲಿ ಕೀಲು ಗೋಳಾಕಾರದ ಮುಚ್ಚಿದ ಗೂಡಿನೊಳಗೆ ಗ್ರೀಸಿನಲ್ಲಿ ಮುಳುಗಿರುತ್ತದೆ. ಅನಂತರದ ಅನೇಕ ವಿನ್ಯಾಸಗಳಲ್ಲಿ ಗೂಡು ತೆರೆದಿದ್ದು, ಕೀಲನ್ನು ಹೊರಗಿನಿಂದಲೇ ನೋಡಬಹುದು.

ಹಾನಿಯ ಕಾರಣಗಳು ಮತ್ತು ಲಕ್ಷಣಗಳು

ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಕೀಲಿನ ಕೋನವು ಗರಿಷ್ಠವಾಗಿರುತ್ತದೆ. ಆ ಸ್ಥಿತಿಯಲ್ಲಿ ಕೆಸರಿನಲ್ಲಿ ಹೂತ ವಾಹನವನ್ನು ಎಬ್ಬಿಸಲು ಎಂಜಿನ್ನಿಗೆ ಒಮ್ಮೆಲೇ ಬಲ ಕೊಟ್ಟರೆ ದಂಡ ಮುರಿಯುವ ಸಂಭವ ಹೆಚ್ಚು. ಗಾಳಿಯಲ್ಲಿ ಬಿಡುವಾಗಿ ತಿರುಗುತ್ತಿದ್ದ ಗಾಲಿಯು ಥಟ್ಟನೆ ಬಂಡೆಯನ್ನು ಕಚ್ಚಿದಾಗಲೂ ಹೀಗೆಯೇ ಆಗುತ್ತದೆ. ಮಧ್ಯದ ಡಿಫರೆನ್ಷಿಯಲ್ ಇಲ್ಲದ ವಾಹನವನ್ನು ಒಣ ಡಾಂಬರು ರಸ್ತೆಯಲ್ಲಿ ನಾಲ್ಕು ಚಕ್ರ ಚಾಲನೆಯಲ್ಲಿಯೇ ಓಡಿಸುವುದರಿಂದ ದಂಡಗಳಲ್ಲಿ ಬಿಗಿತ ಸಂಚಯವಾಗಿ ಸವೆತ ಹೆಚ್ಚುತ್ತದೆ.

ತಿರುವಿನಲ್ಲಿ ಕಟಕಟ ಸದ್ದು, ಗಾಲಿಯ ಒಳಬದಿಯಲ್ಲಿ ಎಣ್ಣೆ ಅಥವಾ ಗ್ರೀಸಿನ ಒಸರು, ಕ್ರಾಸಿನ ಬಟ್ಟಲುಗಳ ಸುತ್ತ ತುಕ್ಕಿನ ಪುಡಿ, ಮುಂದಿನ ಪ್ರೊಪೆಲ್ಲರ್ ಶಾಫ್ಟು ತಿರುಗಿದರೂ ಮುಂದಿನ ಗಾಲಿಗಳಿಗೆ ಎಳೆತ ದೊರೆಯದಿರುವುದು ಇದರ ಲಕ್ಷಣಗಳು. ಮುರಿದ ಕೀಲಿನ ಚೂರುಗಳು ಗೂಡಿನಲ್ಲಿ ಸಿಲುಕಿ ಸ್ಟಿಯರಿಂಗನ್ನು ಬಂಧಿಸಬಹುದಾದ್ದರಿಂದ ಅಂತಹ ವಾಹನವನ್ನು ಓಡಿಸಬಾರದು.

ಬದಲಾಯಿಸುವ ಕ್ರಮ

ಇಲ್ಲಿ ಕೊಟ್ಟಿರುವುದು ಬಿಗಿ ಆಕ್ಸಲ್, ಪ್ರತ್ಯೇಕ ಸ್ಪಿಂಡಲ್ ಮತ್ತು ಡಿಸ್ಕ್ ಬ್ರೇಕು ಇರುವ ವಾಹನಗಳಿಗೆ ಸಾಮಾನ್ಯವಾಗಿ ಅನ್ವಯಿಸುವ ಕ್ರಮ. ಬಿಗಿತದ ಅಳತೆಗಳನ್ನು ಆಯಾ ವಾಹನದ ಕೈಪಿಡಿಯಿಂದಲೇ ತಿಳಿಯಬೇಕು.

1. ವಾಹನವನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಗಾಲಿಗಳ ಎರಡೂ ಬದಿಗೆ ಮರದ ಬೆಣೆ ಕೊಡಬೇಕು. ಎರೆಮಣ್ಣಿನ ಅಥವಾ ಮಳೆಯಲ್ಲಿ ನೆನೆದ ಅಂಗಳದಲ್ಲಿ ಜ್ಯಾಕ್ ಹೂತುಹೋಗುವುದರಿಂದ ಅದರಡಿ ದಪ್ಪ ಹಲಗೆ ಹಾಕುವುದು ಅಗತ್ಯ.

2. ಗಾಲಿ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲಿಸಿ, ಅನಂತರ ಜ್ಯಾಕಿನಿಂದ ಎತ್ತಿ, ಆಕ್ಸಲ್‌ನ ಕೆಳಗೆ ಉಕ್ಕಿನ ಸ್ಟ್ಯಾಂಡುಗಳನ್ನು ನಿಲ್ಲಿಸಬೇಕು. ಜ್ಯಾಕ್ ಎತ್ತಲು ಮಾತ್ರ. ಹೊತ್ತು ನಿಲ್ಲಲು ಅಲ್ಲ. ಇಟ್ಟಿಗೆ, ಕಲ್ಲುಗಳ ಆಸರೆ ಸಲ್ಲದು.

3. ಗಾಲಿಯನ್ನು ತೆಗೆದು, ಬ್ರೇಕ್ ಕ್ಯಾಲಿಪರನ್ನು ಬಿಚ್ಚಿ, ತಂತಿಯಿಂದ ಸ್ಪ್ರಿಂಗಿಗೆ ತೂಗುಹಾಕಬೇಕು. ಬ್ರೇಕಿನ ರಬ್ಬರ್ ಕೊಳವೆಯಿಂದ ಅದು ಜೋತಾಡಬಾರದು. ಬ್ರೇಕಿನ ಧೂಳಿನಲ್ಲಿ ಕಲ್ನಾರು ಇರಬಹುದಾದ್ದರಿಂದ ಅದನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

4. ಹಬ್ಬಿನ ಹೊರಮುಚ್ಚಳ ಅಥವಾ ಲಾಕಿಂಗ್ ಹಬ್, ಅದರೊಳಗಿನ ಸರ್ಕ್ಲಿಪ್, ಬಳಿಕ ಲಾಕ್ ನಟ್ಟು ಮತ್ತು ಮಡಿಕೆಯ ವಾಷರುಗಳನ್ನು ಕ್ರಮವಾಗಿ ತೆಗೆದು, ಬೇರಿಂಗುಗಳೊಡನೆ ಹಬ್ಬನ್ನು ಹೊರಗೆಳೆಯಬೇಕು. ಬಿಚ್ಚಿದ ಭಾಗಗಳನ್ನು ಬಟ್ಟೆಯ ಮೇಲೆ ಅದೇ ಅನುಕ್ರಮದಲ್ಲಿ ಜೋಡಿಸಿಟ್ಟರೆ ಮರುಜೋಡಣೆ ಸುಲಭ.

5. ಸ್ಪಿಂಡಲ್‌ನ ಬೋಲ್ಟುಗಳನ್ನು ಬಿಚ್ಚಿ, ಮರದ ಅಥವಾ ಹಿತ್ತಾಳೆಯ ಸುತ್ತಿಗೆಯಿಂದ ಸುತ್ತಲೂ ಮೆಲ್ಲನೆ ತಟ್ಟಿ ಅದನ್ನು ಸಡಿಲಿಸಬೇಕು.

6. ಎಣ್ಣೆ ಸುರಿಯಬಹುದಾದ್ದರಿಂದ ಕೆಳಗೆ ತಟ್ಟೆಯಿಟ್ಟು, ಶಾಫ್ಟನ್ನು ಎರಡೂ ಕೈಗಳಿಂದ ನೇರವಾಗಿ ಹೊರಗೆಳೆಯಬೇಕು. ಓರೆಯಾದರೆ ಒಳಗಿನ ಆಯಿಲ್ ಸೀಲ್ ಹರಿಯುತ್ತದೆ. ದಂಡವು ಒಳಗೇ ತುಂಡಾಗಿದ್ದರೆ ಉಳಿದ ತುಂಡನ್ನು ಉದ್ದನೆಯ ಅಯಸ್ಕಾಂತದಿಂದ ತೆಗೆಯಲು ಪ್ರಯತ್ನಿಸಬಹುದು. ಚೂರುಗಳು ಗಿಯರುಗಳ ನಡುವೆ ಉಳಿದ ಶಂಕೆಯಿದ್ದರೆ ಡಿಫರೆನ್ಷಿಯಲ್‌ನ ಮುಚ್ಚಳವನ್ನು ತೆಗೆದು ಶುಚಿಗೊಳಿಸಲೇಬೇಕು.

7. ಹಳೆಯ ಮತ್ತು ಹೊಸ ಶಾಫ್ಟುಗಳನ್ನು ಅಕ್ಕಪಕ್ಕದಲ್ಲಿಟ್ಟು ಉದ್ದ, ದಪ್ಪ ಮತ್ತು ಹಲ್ಲುಗೀರುಗಳ ಸಂಖ್ಯೆಯನ್ನು ಹೋಲಿಸಬೇಕು. ಸೀಲ್ ಹಳತಾಗಿದ್ದರೆ ಇದೇ ಸಮಯದಲ್ಲಿ ಬದಲಾಯಿಸುವುದು ಲೇಸು.

8. ಹೊಸ ಶಾಫ್ಟನ್ನು ಕೈಯಾಸರೆಯಲ್ಲಿ ಮಟ್ಟವಾಗಿ ಹಿಡಿದು ಒಳಗೆ ಸೇರಿಸಿ, ತುಸು ತಿರುಗಿಸುತ್ತ ಹಲ್ಲುಗಳು ಕೂಡಿಕೊಳ್ಳುವಂತೆ ಮಾಡಬೇಕು. ಬಡಿದು ಸೇರಿಸಬಾರದು.

9. ಬೇರಿಂಗುಗಳಿಗೆ ಹೊಸ ಗ್ರೀಸ್ ತುಂಬಿ ಹಬ್ಬನ್ನು ಕೂರಿಸಬೇಕು. ಹಬ್ಬನ್ನು ತಿರುಗಿಸುತ್ತಲೇ ಒಳನಟ್ಟನ್ನು ಬಿಗಿದು, ಕೈಪಿಡಿಯಲ್ಲಿ ಹೇಳಿದಷ್ಟು ಸಡಿಲಿಸಿ, ಲಾಕ್ ಮಾಡಬೇಕು. ಅತಿಬಿಗಿಯಾದರೆ ಬೇರಿಂಗ್ ಕಾಯ್ದು ಕಚ್ಚಿಕೊಳ್ಳುತ್ತದೆ. ಸಡಿಲವಾದರೆ ಗಾಲಿ ಅಲುಗುತ್ತದೆ.

10. ಬ್ರೇಕು ಮತ್ತು ಗಾಲಿಯನ್ನು ಜೋಡಿಸಿ, ಡಿಫರೆನ್ಷಿಯಲ್‌ಗೆ ಕೊರತೆಯಾದ ಎಣ್ಣೆಯನ್ನು ತುಂಬಬೇಕು. ವಾಹನ ಕದಲಿಸುವ ಮೊದಲು ಬ್ರೇಕಿನ ಪೆಡಲನ್ನು ಅದು ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತುವುದು ಕಡ್ಡಾಯ.

ಕೆಲಸದ ಬಳಿಕ ಕಡಿಮೆ ವೇಗದಲ್ಲಿ ಬ್ರೇಕನ್ನು ಪರೀಕ್ಷಿಸಿ, ಅನಂತರ ಮಣ್ಣಿನ ನೆಲದಲ್ಲಿ ನಾಲ್ಕು ಚಕ್ರ ಚಾಲನೆಯನ್ನು ಪರೀಕ್ಷಿಸುವುದು ರೂಢಿ. ಕೆಲವು ಕಿಲೋಮೀಟರುಗಳ ಓಟದ ನಂತರ ಹಬ್ ಅತಿಯಾಗಿ ಬಿಸಿಯಾಗಿದೆಯೇ ಎಂದು ನೋಡಿ, ಗಾಲಿಯ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು.

ದಾರಿಯಲ್ಲಿ ಮುರಿದಾಗ

ಪ್ರತ್ಯೇಕ ಸ್ಪಿಂಡಲ್ ಇರುವ ವಾಹನದಲ್ಲಿ ಮುರಿದ ಶಾಫ್ಟನ್ನು ಪೂರ್ತಿಯಾಗಿ ತೆಗೆದು, ಹಬ್ಬನ್ನು ಮರುಜೋಡಿಸಿ, ಹಿಂದಿನ ಗಾಲಿಗಳ ಚಾಲನೆಯಿಂದಲೇ ನಿಧಾನವಾಗಿ ಊರು ಸೇರಬಹುದು. ಬೇರಿಂಗ್ ಮತ್ತು ಹಬ್ ಒಂದೇ ಘಟಕವಾಗಿರುವ ಹೊಸ ವಿನ್ಯಾಸಗಳಿಗೆ ಇದು ಅನ್ವಯಿಸುವುದಿಲ್ಲ. ಅಲ್ಲಿ ಹೊರದಂಡದ ನಟ್ಟೇ ಬೇರಿಂಗನ್ನು ಬಿಗಿಹಿಡಿದಿರುವುದರಿಂದ ಅದಿಲ್ಲದೆ ಓಡಿಸಿದರೆ ಬೇರಿಂಗ್ ಒಡೆದು ಗಾಲಿಯೇ ಕಳಚಬಹುದು.

ಕರ್ನಾಟಕದಲ್ಲಿ

ಮಹೀಂದ್ರ ಸಂಸ್ಥೆಯು 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆಯನ್ನು ಆರಂಭಿಸಿತು. ಅದೇ ಪರಂಪರೆಯ ಜೀಪುಗಳು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ತೋಟಗಳಲ್ಲಿ ಬಳಕೆಗೆ ಬಂದವು. ಕೊಡಚಾದ್ರಿ ಮತ್ತು ಮಾಂದಲಪಟ್ಟಿಯ ಕಡಿದಾದ ಕಲ್ಲುದಾರಿಗಳಲ್ಲಿ ಪ್ರವಾಸಿಗರನ್ನು ಒಯ್ಯುವ ಜೀಪುಗಳಿಗೆ ಮುಂದಿನ ಚಾಲನೆ ಅನಿವಾರ್ಯ. 1985ರಲ್ಲಿ ಬಂದ ಮಾರುತಿ ಜಿಪ್ಸಿಯ ಮುಂಭಾಗದಲ್ಲಿ ಬಿಗಿ ಆಕ್ಸಲ್ ಮತ್ತು ಸಮವೇಗದ ಕೀಲುಗಳಿವೆ. 2010ರಲ್ಲಿ ಬಂದ ಮಹೀಂದ್ರ ಥಾರ್‌ನ ಡೀಸೆಲ್ ಸಿಆರ್‌ಡಿಇ ಮಾದರಿಯಲ್ಲಿ ಮುಂದಿನ ಗಾಲಿಗಳಿಗೆ ಸ್ವತಂತ್ರ ಸಸ್ಪೆನ್ಷನ್ ಇರುವುದರಿಂದ ಅದರ ಶಾಫ್ಟನ್ನು ಬಿಚ್ಚುವ ಕ್ರಮ ಬೇರೆ.

ಬಯಲುಸೀಮೆಯಲ್ಲಿ ನಾಲ್ಕು ಚಕ್ರ ಚಾಲನೆಯು ರೈತರಿಗೆ ಮುಖ್ಯವಾಗಿ ಟ್ರ್ಯಾಕ್ಟರುಗಳ ಮೂಲಕ ಪರಿಚಿತ. ಅವುಗಳ ಮುಂದಿನ ಆಕ್ಸಲ್‌ನಲ್ಲಿ ಗಾಲಿಯ ಬಳಿಯೇ ವೇಗ ತಗ್ಗಿಸುವ ಗಿಯರುಗಳೂ ಇರುವುದುಂಟು. ಅಂತಹ ಆಕ್ಸಲ್‌ಗಳಿಗೆ ಮೇಲಿನ ಕ್ರಮ ನೇರವಾಗಿ ಹೊಂದುವುದಿಲ್ಲ.

ತ್ಯಾಜ್ಯದ ವಿಲೇವಾರಿ

ಬಳಸಿದ ಎಣ್ಣೆಯು ಭಾರತದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಸೇರುತ್ತದೆ. ಅದನ್ನು ಹೊಲಕ್ಕಾಗಲಿ, ಚರಂಡಿಗಾಗಲಿ, ಬಾವಿಯ ಬಳಿಯಾಗಲಿ ಚೆಲ್ಲದೆ, ಮುಚ್ಚಿದ ಡಬ್ಬಿಯಲ್ಲಿ ಸಂಗ್ರಹಿಸಿ, ಮರುಸಂಸ್ಕರಣೆಗೆ ಕಳುಹಿಸುವ ದುರಸ್ತಿ ಕೇಂದ್ರಗಳಿಗೆ ಒಪ್ಪಿಸಬೇಕು.