ಬಾಯ್ಸೆನ್‌ರಿಂದ ಆಡಮ್ಸ್‌ವರೆಗೆ: ಅಮೆರಿಕದ ಕ್ರೈಸ್ತ ಆಪ್ತಸಮಾಲೋಚನೆಯಲ್ಲಿ ರೋಗಿಯ ಮಾತು

1965ರ ಬೇಸಿಗೆಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಇಬ್ಬರು ಪ್ರಾಟೆಸ್ಟೆಂಟ್ ಪಾದ್ರಿಗಳಿದ್ದರು. ಒಬ್ಬರು ಎಲ್ಜಿನ್ ಊರಿನಲ್ಲಿ ಕೊನೆಗಾಲ ಕಳೆಯುತ್ತಿದ್ದ 88 ವರ್ಷದ ಆಂಟನ್ ಬಾಯ್ಸೆನ್. ಇನ್ನೊಬ್ಬರು ಫಿಲಡೆಲ್ಫಿಯಾದಿಂದ ಬಂದಿದ್ದ 36 ವರ್ಷದ ಜೇ ಆಡಮ್ಸ್. ಆಡಮ್ಸ್ ಅಲ್ಲಿನ ಕಂಕಾಕೀ ಮತ್ತು ಗೇಲ್ಸ್‌ಬರ್ಗ್ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಆ ಬೇಸಿಗೆ ಪೂರ್ತಿ ರೋಗಿಗಳ ಜೊತೆ ಕೆಲಸ ಮಾಡಿದರು. ಅಕ್ಟೋಬರ್‌ನಲ್ಲಿ ಬಾಯ್ಸೆನ್ ತೀರಿಕೊಂಡರು. ಕ್ರೈಸ್ತ ನಂಬಿಕೆಯ ನೆಲೆಯಲ್ಲಿ ಮನೋರೋಗವನ್ನು ಹೇಗೆ ಕಾಣಬೇಕು ಎಂಬ ಪ್ರಶ್ನೆಗೆ ಇವರಿಬ್ಬರು ಕೊಟ್ಟ ಉತ್ತರಗಳನ್ನು ಪರಸ್ಪರ ವಿರುದ್ಧವೆಂದೇ ಓದುತ್ತ ಬಂದಿದ್ದೇವೆ. ಇವುಗಳ ನಡುವೆ ನೇರವಾದ ಪರಂಪರೆಯೊಂದು ಇದೆ, ಆ ಪರಂಪರೆ ಕೈಯಿಂದ ಕೈಗೆ ದಾಟುವಾಗ ರೋಗಿಯ ಸ್ವಂತ ಮಾತು ಕಳೆದುಹೋಯಿತು ಎಂಬುದು ಈ ಲೇಖನದ ವಾದ.

ಬಾಯ್ಸೆನ್ ಮಾನಸಿಕ ಆಸ್ಪತ್ರೆಯನ್ನು ಮೊದಲು ಕಂಡದ್ದು ರೋಗಿಯಾಗಿ. 1920ರಲ್ಲಿ ಮತ್ತೆ ಸಭಾಪಾಲನೆಗೆ ಮರಳುವ ಯೋಚನೆಯಿಂದ ತಮ್ಮ ನಂಬಿಕೆಯ ಬಗ್ಗೆ ಒಂದು ಹೇಳಿಕೆ ಬರೆಯುತ್ತ ಕೂತಿದ್ದಾಗ, ಲೋಕಕ್ಕೆ ದೊಡ್ಡ ವಿನಾಶ ಕಾದಿದೆ ಎಂಬ ಭಾವ ಅವರನ್ನು ಪೂರ್ತಿ ಆವರಿಸಿತು. ಅಕ್ಟೋಬರ್‌ನಲ್ಲಿ ಮನೆಯವರು ಅವರನ್ನು ಬಾಸ್ಟನ್‌ನ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಅವರು ವೆಸ್ಟ್‌ಬರೋ ಆಸ್ಪತ್ರೆಗೆ ಹೋದರು. ಉಗ್ರವಾದ ಸನ್ನಿ ಕೆಲವೇ ವಾರಗಳಲ್ಲಿ ಇಳಿಯಿತಾದರೂ ಬಿಡುಗಡೆಗೆ ಒಂದು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಆ ಅವಧಿಯ ಒಂದು ಭಾನುವಾರದ ಆರಾಧನೆಯನ್ನು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಪಾಪಕ್ಕೆ ಎಳೆಯುವ ಕಣ್ಣನ್ನು ಕಿತ್ತೆಸೆಯಬೇಕೆಂದು ಯೇಸು ಹೇಳಿದ ಮಾತನ್ನೇ ಬೋಧಕರು ಆ ದಿನದ ಪ್ರಸಂಗಕ್ಕೆ ಆರಿಸಿಕೊಂಡಿದ್ದರು. ಪಕ್ಕದಲ್ಲಿ ಕೂತ ರೋಗಿಗಳಲ್ಲಿ ಯಾರಾದರೂ ಅದನ್ನು ಅಕ್ಷರಶಃ ಪಾಲಿಸಿಬಿಟ್ಟರೆ ಎಂಬ ಅಳುಕು ಬಾಯ್ಸೆನ್‌ರದು. ಬೋಧಕರಿಗೆ ಧರ್ಮ ತಿಳಿದಿತ್ತು, ಎದುರಿಗಿದ್ದವರ ಸಂಕಟ ತಿಳಿದಿರಲಿಲ್ಲ. ವೈದ್ಯರಿಗಾದರೋ ಅವರ ಧಾರ್ಮಿಕ ತಳಮಳದ ವಿಷಯ ಮಾತಾಡುವ ಆಸಕ್ತಿಯೇ ಇರಲಿಲ್ಲ.

ಈ ಎರಡು ಅಜ್ಞಾನಗಳ ನಡುವೆ ಬಾಯ್ಸೆನ್ ತಮ್ಮ ಕೆಲಸವನ್ನು ಕಂಡುಕೊಂಡರು. 1924ರಲ್ಲಿ ವುಸ್ಟರ್ ಸರ್ಕಾರಿ ಆಸ್ಪತ್ರೆಯ ಪಾದ್ರಿಯಾದರು. ಮರುವರ್ಷದ ಬೇಸಿಗೆಯಲ್ಲಿ ದೇವಜ್ಞಾನದ ನಾಲ್ವರು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆಸಿಕೊಂಡರು. ವಿದ್ಯಾರ್ಥಿಗಳು ಹಗಲು ವಾರ್ಡ್ ಸಹಾಯಕರಾಗಿ ದುಡಿದು, ತಾವು ಕಂಡ ರೋಗಿಗಳ ಬದುಕನ್ನು ವಿವರವಾಗಿ ಬರೆದು ಚರ್ಚಿಸಬೇಕಿತ್ತು. ಗ್ರಂಥಗಳನ್ನು ಓದುವಷ್ಟೇ ಶ್ರದ್ಧೆಯಿಂದ ಮನುಷ್ಯರನ್ನು ಓದಬೇಕು ಎಂಬುದು ಅವರ ಪಟ್ಟು. ಇಂದು ಜಗತ್ತಿನ ಅನೇಕ ಸೆಮಿನರಿಗಳಲ್ಲಿ ನಡೆಯುವ ಕ್ಲಿನಿಕಲ್ ಪಾಸ್ಟರಲ್ ಎಜುಕೇಷನ್ ಎಂಬ ತರಬೇತಿಯ ಮುಖ್ಯ ಬೇರು ಇದು. ಆಸ್ಪತ್ರೆಗಳಿಗೆಂದೇ ಅವರು ಪ್ರತ್ಯೇಕ ಸ್ತುತಿಗೀತೆಗಳ ಪುಸ್ತಕವನ್ನೂ ಸಂಪಾದಿಸಿದರು. ಶತ್ರುಗಳು ಸುತ್ತುವರಿದಿದ್ದಾರೆಂದು ನಡುಗುವ ರೋಗಿಯ ಬಾಯಲ್ಲಿ ಶತ್ರುಸಂಹಾರದ ಹಾಡು ಏನು ಮಾಡೀತೆಂಬುದನ್ನು ಅವರು ಬಲ್ಲರು. ನನ್ನ ಮಟ್ಟಿಗೆ ಅವರ ಸಿದ್ಧಾಂತಗಳಿಗಿಂತ ಈ ಪುಸ್ತಕವೇ ದೊಡ್ಡ ಸಾಕ್ಷ್ಯ.

ಸಿದ್ಧಾಂತ ಬಂದದ್ದು 1936ರಲ್ಲಿ, 'ದಿ ಎಕ್ಸ್‌ಪ್ಲೊರೇಷನ್ ಆಫ್ ದಿ ಇನ್ನರ್ ವರ್ಲ್ಡ್' ಕೃತಿಯಲ್ಲಿ. 173 ರೋಗಿಗಳ ಅಧ್ಯಯನದಿಂದ ಅವರು ಕಂಡುಕೊಂಡದ್ದೆಂದರೆ, ಮೆದುಳಿನ ಹಾನಿಯಿಂದ ಬರುವ ರೋಗಗಳನ್ನು ಬಿಟ್ಟು ಉಳಿದವುಗಳಲ್ಲಿ ಕೆಲವು, ಒಳಗಿನ ನೈತಿಕ ಸಂಘರ್ಷವನ್ನು ಪರಿಹರಿಸಿಕೊಳ್ಳಲು ಆತ್ಮ ನಡೆಸುವ ಹೋರಾಟಗಳೇ. ಕುಸಿದು ಸುಮ್ಮನಾದವರಿಗಿಂತ, ತಪ್ಪನ್ನು ಇತರರ ಮೇಲೆ ಹೊರಿಸಿ ಗಟ್ಟಿಯಾದವರಿಗಿಂತ, ತೀವ್ರ ಭಯದಲ್ಲಿ ಸಿಕ್ಕಿದವರು ಚೇತರಿಸಿಕೊಳ್ಳುವ ಸಂಭವ ಹೆಚ್ಚು. ಅವರ ಅನುಭವಕ್ಕೂ ಜಾರ್ಜ್ ಫಾಕ್ಸ್, ಜಾನ್ ಬನ್ಯನ್‌ರಂಥವರ ಧಾರ್ಮಿಕ ಅನುಭವಕ್ಕೂ ಹತ್ತಿರದ ನಂಟಿದೆ ಎಂದರು. ಇದು ತಮ್ಮ ಚೇತರಿಕೆಯ ಕತೆಯನ್ನೇ ಹಿಗ್ಗಿಸಿದ ಸಿದ್ಧಾಂತ ಎಂಬ ಆಕ್ಷೇಪಕ್ಕೆ ಬಲವಿದೆ. ಅವರಿಗೆ ಬೆನ್ನಾಸರೆಯಾಗಿದ್ದ ಹಾರ್ವರ್ಡ್‌ನ ವೈದ್ಯ ರಿಚರ್ಡ್ ಕ್ಯಾಬಟ್ ಇದನ್ನು ಒಪ್ಪಲೇ ಇಲ್ಲ. ಮನೋರೋಗದ ಮೂಲ ಶರೀರದಲ್ಲಿದೆ, ಪಾದ್ರಿ ಸಾಂತ್ವನ ಹೇಳಿದರೆ ಸಾಕು ಎನ್ನುವುದು ಕ್ಯಾಬಟ್‌ರ ನಿಲುವು. 1930ರಲ್ಲಿ ಬಾಯ್ಸೆನ್ ಮತ್ತೆ ಕಾಯಿಲೆ ಬಿದ್ದಾಗ ಅವರು ದೂರ ಸರಿದರು.

ಇನ್ನು ನಡುವಿನ ಕೊಂಡಿ. ಅಮೆರಿಕದ ಮನೋವಿಜ್ಞಾನ ಸಂಘದ ಅಧ್ಯಕ್ಷರಾಗಿದ್ದ ಒ. ಹೋಬರ್ಟ್ ಮೌರರ್ ಸ್ವತಃ ಖಿನ್ನತೆಯಿಂದ ನರಳಿದವರು. ಅಡಗಿಸಿಟ್ಟ ತಪ್ಪೇ ಮನಸ್ಸನ್ನು ಕೆಡಿಸುತ್ತದೆ, ಬಾಯಿಬಿಟ್ಟು ಒಪ್ಪಿಕೊಂಡು ಪರಿಹಾರ ಮಾಡಿಕೊಂಡರೆ ಅದು ನೆಟ್ಟಗಾಗುತ್ತದೆ ಎಂದು ಅವರು 1961ರ 'ದಿ ಕ್ರೈಸಿಸ್ ಇನ್ ಸೈಕಿಯಾಟ್ರಿ ಅಂಡ್ ರಿಲಿಜನ್' ಕೃತಿಯಲ್ಲಿ ಫ್ರಾಯ್ಡ್‌ಗೆ ಎದುರಾಗಿ ವಾದಿಸಿದರು. ಇದಕ್ಕೆ ಬಾಯ್ಸೆನ್‌ರನ್ನು ತಮ್ಮ ಪೂರ್ವಸೂರಿ ಎಂದು ಗೌರವದಿಂದ ನೆನೆದರು. 1965ರಲ್ಲಿ ಆಡಮ್ಸ್ ಇಲಿನಾಯ್‌ಗೆ ಬಂದದ್ದು ಇದೇ ಮೌರರ್ ಬಳಿ ಕಲಿಯಲು.

ಆಡಮ್ಸ್ 1970ರಲ್ಲಿ ಪ್ರಕಟಿಸಿದ 'ಕಾಂಪಿಟೆಂಟ್ ಟು ಕೌನ್ಸೆಲ್' ಸತ್ಯವೇದ ಆಧಾರಿತ ಆಪ್ತಸಮಾಲೋಚನೆಯ ಚಳವಳಿಯನ್ನೇ ಹುಟ್ಟುಹಾಕಿತು. ಶರೀರದ ಕಾಯಿಲೆ ವೈದ್ಯರಿಗೆ, ಉಳಿದದ್ದೆಲ್ಲ ಪಾದ್ರಿಗೆ. ಈ ವಿಂಗಡಣೆಯಲ್ಲಿ ಮನೋವೈದ್ಯರಿಗೆ ಸ್ಥಳವೇ ಇಲ್ಲ. ಮೌರರ್‌ರ ಮಾನವಕೇಂದ್ರಿತ ದೃಷ್ಟಿಯನ್ನು ತಿರಸ್ಕರಿಸಿ, ತಪ್ಪಿನ ಜಾಗದಲ್ಲಿ ದೇವರ ಎದುರಿನ ಪಾಪವನ್ನು ಇಟ್ಟರು. ಸ್ಕಿಜೋಫ್ರೇನಿಯಾ ಎಂದು ಗುರುತಿಸಲಾಗಿದ್ದ ಒಬ್ಬ ವಿದ್ಯಾರ್ಥಿಯ ಪ್ರಸಂಗ ಅದರಲ್ಲಿದೆ: ಓದಿನಲ್ಲಿ ಹಿಂದೆ ಬಿದ್ದದ್ದನ್ನು ಹೆತ್ತವರಿಂದ ಮುಚ್ಚಿಡಲು ಅವನು ಸ್ತಬ್ಧನಾಗಿದ್ದ ಎನ್ನುತ್ತಾರೆ ಆಡಮ್ಸ್. ಆ ಹುಡುಗನ ವಿಷಯದಲ್ಲಿ ಅದು ನಿಜವೇ ಇರಬಹುದು. ಆದರೆ ಬಾಯ್ಸೆನ್ ಆಗಿದ್ದರೆ ಪುಟಗಟ್ಟಲೆ ಅವನ ಮಾತನ್ನೇ ಬರೆದುಕೊಳ್ಳುತ್ತಿದ್ದರು. ಇಲ್ಲಿ ಅವನು ಮಾತಾಡುವುದು ಸಲಹೆಗಾರನ ತೀರ್ಮಾನಕ್ಕೆ ಬೇಕಾದಷ್ಟನ್ನು ಮಾತ್ರ. ಒಂದು ವಿಷಯದಲ್ಲಿ ಮಾತ್ರ ಆಡಮ್ಸ್ ಋಣ ದೊಡ್ಡದು: ಕಷ್ಟದಲ್ಲಿರುವ ಸಭಿಕರನ್ನು ತಜ್ಞರ ಬಳಿಗೆ ಅಟ್ಟಿ ಕೈತೊಳೆದುಕೊಳ್ಳುತ್ತಿದ್ದ ಪಾದ್ರಿಗಳಿಗೆ ಅವರು ತಮ್ಮ ಹೊಣೆಯನ್ನು ನೆನಪಿಸಿದರು.

ಈ ವಿಂಗಡಣೆಯ ಬೆಲೆ ಎಷ್ಟು ಎಂಬ ಪ್ರಶ್ನೆ ಕೋರ್ಟಿನ ಮೆಟ್ಟಿಲೇರಿತು. 1979ರಲ್ಲಿ ಕ್ಯಾಲಿಫೋರ್ನಿಯಾದ ಗ್ರೇಸ್ ಕಮ್ಯುನಿಟಿ ಚರ್ಚ್‌ನಲ್ಲಿ ಸಮಾಲೋಚನೆ ಪಡೆಯುತ್ತಿದ್ದ 24 ವರ್ಷದ ಯುವಕನೊಬ್ಬ ಆತ್ಮಹತ್ಯೆ ಮಾಡಿಕೊಂಡ. ಪಾದ್ರಿಗಳ ಮೇಲೆ ಹೆತ್ತವರು ದಾವೆ ಹೂಡಿದರು. 1988ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಇಂಥವರನ್ನು ಮನೋವೈದ್ಯರ ಬಳಿ ಕಳಿಸುವ ಕಾನೂನುಬದ್ಧ ಹೊಣೆ ಪಾದ್ರಿಗಳಿಗಿಲ್ಲ ಎಂದಿತು. ಚಳವಳಿಯ ಹಲವರಿಗೆ ಇದು ನಿರಾಳ ತಂದಿತು. ಆದರೆ ನ್ಯಾಯಾಲಯ ತೀರ್ಮಾನಿಸಿದ್ದು ಕಾನೂನಿನ ಹೊಣೆಯನ್ನು. ಒಳ್ಳೆಯ ಸಭಾಪಾಲನೆ ಯಾವುದು ಎಂಬುದು ಅದರ ಮುಂದಿದ್ದ ಪ್ರಶ್ನೆಯಲ್ಲ.

ತಿದ್ದುಪಡಿ ಚಳವಳಿಯ ಒಳಗಿಂದಲೇ ಬಂತು. ಕ್ರೈಸ್ತರಾಗುವ ಮುನ್ನ ಮಾನಸಿಕ ಆಸ್ಪತ್ರೆಯಲ್ಲಿ ದುಡಿದಿದ್ದ ಡೇವಿಡ್ ಪೌಲಿಸನ್, ಆಡಮ್ಸ್‌ರ ಚಳವಳಿಯ ಇತಿಹಾಸವನ್ನೇ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಿಎಚ್‌.ಡಿ.ಗೆ ವಿಷಯವಾಗಿ ತೆಗೆದುಕೊಂಡರು. ಮನುಷ್ಯ ಪಾಪಿಯಷ್ಟೇ ಅಲ್ಲ, ನೋವುಂಡವನೂ ಹೌದು ಎಂಬ ಮಾತಿಗೆ ಅವರ ಬರಹಗಳು ಒತ್ತು ಕೊಟ್ಟವು. ಅವರ ಸಹೋದ್ಯೋಗಿ ಎಡ್ವರ್ಡ್ ವೆಲ್ಚ್ 1998ರಲ್ಲಿ 'ಬ್ಲೇಮ್ ಇಟ್ ಆನ್ ದಿ ಬ್ರೇನ್?' ಬರೆದು, ಖಿನ್ನತೆಗೆ ಔಷಧಿ ತೆಗೆದುಕೊಳ್ಳುವುದು ಅಪನಂಬಿಕೆಯ ಗುರುತಲ್ಲ ಎಂದರು. ಕಾಯಿಲೆ ಈ ವ್ಯಕ್ತಿಗೆ ಏನು ಮಾಡುತ್ತಿದೆ ಎಂಬುದನ್ನು ಮೊದಲು ತಿಳಿಯಿರಿ, ಅವರನ್ನೇ ಕೇಳಿ, ಆಮೇಲೆ ಬುದ್ಧಿಮಾತು ಎಂಬುದು ಸಲಹೆಗಾರರಿಗೆ ಆ ಪುಸ್ತಕ ಕಲಿಸುವ ಕ್ರಮ.